ಮನೆತನದ ಹರಕೆಯನ್ನು ಸಣ್ಣಕತೆಯಾಗಿಸುವ ಬಗೆ: ಕರಾವಳಿಯ ಲೇಖಕಿಯರಿಗೆ

ಮಂಗಳೂರು, ಉಡುಪಿ ಸೀಮೆಯಲ್ಲಿ ಬರೆಯಲು ತೊಡಗುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಮೊದಲ ಕತೆಗೆ ತಮ್ಮ ಮನೆಯನ್ನೇ ಆರಿಸಿಕೊಳ್ಳುತ್ತಾರೆ. ಅದು ಸಹಜವೂ ಹೌದು, ಸರಿಯೂ ಹೌದು. ಆದರೆ ಅಂಥ ಕತೆಗಳಲ್ಲಿ ಎರಡು ದೋಷಗಳು ಮತ್ತೆ ಮತ್ತೆ ಕಾಣಿಸುತ್ತವೆ. ಮನೆತನದ ಚರಿತ್ರೆ ವಂಶಾವಳಿಯ ರೂಪದಲ್ಲಿ ಬಂದು, ಹಿರಿಯರು ಎಲ್ಲಿಂದ ಬಂದರು, ಯಾವ ಗುತ್ತಿನಲ್ಲಿ (ಹಿರಿಯ ಜಮೀನ್ದಾರಿ ಮನೆಯಲ್ಲಿ) ನೆಲೆಸಿದರು, ಯಾರಿಗೆ ಎಷ್ಟು ಮುಡಿ ಅಕ್ಕಿ ಗೇಣಿ ಬರುತ್ತಿತ್ತು ಎಂಬ ವಿವರಗಳಲ್ಲೇ ಮೂರು ಪುಟ ಕಳೆದುಹೋಗುತ್ತದೆ. ನಂಬಿಕೆಯ ಮಾತು ಬಂದಾಗ ಲೇಖಕಿ ಒಂದೋ ಭಕ್ತಿಯಿಂದ ಕೈಮುಗಿಯುತ್ತಾಳೆ, ಇಲ್ಲವೇ ವಿಚಾರವಾದಿಯಾಗಿ ತೀರ್ಪು ಕೊಡುತ್ತಾಳೆ. ಎರಡರಿಂದಲೂ ಪಾರಾಗಲು ನಾನು ಸೂಚಿಸುವ ದಾರಿ ಒಂದೇ. ಚರಿತ್ರೆಯನ್ನೂ ನಂಬಿಕೆಯನ್ನೂ ಬೇರೆ ಬೇರೆ ಹುಡುಕದೆ, ಅವೆರಡೂ ಗಂಟುಬಿದ್ದಿರುವ ಜಾಗದಿಂದ, ಅಂದರೆ ಹರಕೆಯಿಂದ, ಕತೆಯನ್ನು ಆರಂಭಿಸಬೇಕು.

ಹರಕೆಯೆಂಬುದನ್ನು ಇಲ್ಲಿ ವಿಶಾಲವಾದ ಅರ್ಥದಲ್ಲಿ ಹೇಳುತ್ತಿದ್ದೇನೆ. ಕಟೀಲು ಮೇಳದ ಸೇವೆಯಾಟ (ಹರಕೆಯಾಗಿ ಆಡಿಸುವ ಯಕ್ಷಗಾನ), ಮನೆಯ ದೈವಕ್ಕೆ ಒಪ್ಪಿಕೊಂಡ ನೇಮ (ದೈವದ ಕೋಲ), ಕೊರಗಜ್ಜನಿಗೆ ಹೇಳಿಕೊಂಡ ಚಕ್ಕುಲಿ ಮತ್ತು ವೀಳ್ಯ, ತಿರುಪತಿಯ ಮುಡಿಪು, ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರಿಗೆ ಹೊತ್ತ ಮೇಣದ ಬತ್ತಿ, ಉಳ್ಳಾಲದ ದರ್ಗಾಕ್ಕೆ ಹೇಳಿದ ನೇರ್ಚೆ, ಇವೆಲ್ಲವೂ ಅದರಲ್ಲಿ ಸೇರುತ್ತವೆ. ಹೊತ್ತವರೊಬ್ಬರು, ತೀರಿಸುವವರು ಇನ್ನೊಬ್ಬರು ಎಂಬುದೇ ಹರಕೆಯ ಸ್ವಭಾವ. ಸಣ್ಣಕತೆಗೆ ಬೇಕಾದ ಅಂಗಗಳೆಲ್ಲ ಅದರಲ್ಲಿ ಹುಟ್ಟಿನಿಂದಲೇ ಇವೆ: ಒಂದು ಆಪತ್ತು, ಆ ಹೊತ್ತಿನಲ್ಲಿ ಕೊಟ್ಟ ಮಾತು, ನಡುವೆ ಉಳಿದುಹೋದ ಕಾಲ, ಕೊನೆಗೆ ಲೆಕ್ಕ ಚುಕ್ತಾ ಮಾಡಬೇಕಾಗಿ ಬಂದ ಇನ್ನೊಂದು ತಲೆಮಾರು. ಕಟೀಲಿನ ಹರಕೆಯಾಟಕ್ಕೆ ಹೆಸರು ಬರೆಸಿದವರು ಸರದಿಗಾಗಿ ವರ್ಷಗಟ್ಟಲೆ ಕಾಯಬೇಕಾಗುತ್ತದೆಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಹರಕೆ ಹೊತ್ತ ಅಜ್ಜಿ ತೀರಿಕೊಂಡ ಮೇಲೆ ಸರದಿ ಬರುವುದು, ಯಾವ ಮಗನಿಗಾಗಿ ಹೊತ್ತರೋ ಅವನಿಗೇ ಅದರ ಸಂಗತಿ ತಿಳಿಯದಿರುವುದು, ಆಗಿನ ಆಪತ್ತು ಈಗ ಯಾರಿಗೂ ನೆನಪಿಲ್ಲದಿರುವುದು, ಇವೆಲ್ಲ ಯಾವ ಲೇಖಕಿಯೂ ಕಷ್ಟಪಟ್ಟು ಹೆಣೆಯಬೇಕಾದ ಸಂಗತಿಗಳಲ್ಲ. ಊರಲ್ಲಿ ನಡೆಯುತ್ತಲೇ ಇರುವವು.

ಮೊದಲ ಕೆಲಸ: ಕೇಳುವುದು

ಮನೆಯ ಚರಿತ್ರೆಯನ್ನು ಕೇಳಲು ಯಜಮಾನರ ಬಳಿಗೆ ಹೋಗುವುದು ವಾಡಿಕೆ. ಅವರು ಹೇಳುವುದು ಆಸ್ತಿಯ ಚರಿತ್ರೆ. ಅದೂ ಬೇಕು, ಆದರೆ ಅದಕ್ಕೆ ಆಮೇಲೆ ಸಮಯವಿದೆ. ಮೊದಲು ಕೇಳಬೇಕಾದದ್ದು ಆ ದಿನ ಅಡಿಗೆಮನೆಯಲ್ಲಿದ್ದವರನ್ನು. ಏನು ನಡೆಯಿತು ಎಂದು ಕೇಳಿದರೆ ಎಲ್ಲರೂ ಹೇಳುವ ಉತ್ತರವೇ ಸಿಗುತ್ತದೆ. ಅವತ್ತು ಊಟಕ್ಕೆ ಎಷ್ಟು ಜನ, ಯಾರು ಪಂಕ್ತಿಯಲ್ಲಿ ಕೂರಲಿಲ್ಲ, ಪಾತ್ರೆ ಯಾರ ಮನೆಯಿಂದ ತಂದದ್ದು, ಖರ್ಚಿಗೆ ಯಾರ ಬಳೆ ಸೊಸೈಟಿಯಲ್ಲಿತ್ತು ಎಂದು ಕೇಳಿದರೆ ಕತೆ ತಾನಾಗಿ ಹೊರಬೀಳುತ್ತದೆ. ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರ ನಡುವೆ ಕೂತವರಿಗೆ ಇದು ಗೊತ್ತು: ಕೈ ಕೆಲಸದಲ್ಲಿರುವಾಗ ಬರುವ ಮಾತು, ಎದುರು ಕುರ್ಚಿ ಹಾಕಿ ಫೋನಿನಲ್ಲಿ ರೆಕಾರ್ಡ್ ಮಾಡುವಾಗ ಬರುವುದಿಲ್ಲ.

ಒಂದೇ ಘಟನೆಗೆ ಮನೆಯೊಳಗೆ ಹಲವು ಪಾಠಗಳು, ಅಂದರೆ ಅದನ್ನು ಹೇಳುವ ಬೇರೆ ಬೇರೆ ರೂಪಗಳು, ಇರುತ್ತವೆ. ಅವುಗಳಲ್ಲಿ ಸರಿಯಾದದ್ದನ್ನು ಆರಿಸಿ ಉಳಿದವನ್ನು ಬಿಟ್ಟುಬಿಡುವುದು ಚರಿತ್ರಕಾರನ ಕೆಲಸ. ಕತೆ ಬರೆಯುವವಳು ಎಲ್ಲವನ್ನೂ ಬೇರೆ ಬೇರೆ ಪುಟದಲ್ಲಿ, ಹೇಳಿದವರ ಸಂಬಂಧದ ಹೆಸರಿನೊಂದಿಗೆ ಬರೆದಿಡಬೇಕು. ಕಲ್ಪಿಸಿಕೊಂಡ ಒಂದು ಉದಾಹರಣೆಯನ್ನು ಕೊಡುತ್ತೇನೆ. ಅಜ್ಜಿಯೊಬ್ಬರು ಕಟೀಲಿಗೆ ಆಟದ ಹರಕೆ ಹೊತ್ತಿದ್ದಾರೆ. ಭೂನ್ಯಾಯಮಂಡಳಿಯಲ್ಲಿ ಗದ್ದೆ ನಮ್ಮ ಹೆಸರಿಗಾಗಲಿ ಎಂದು ಹೊತ್ತದ್ದೆಂದು ದೊಡ್ಡಮ್ಮ ಹೇಳುತ್ತಾರೆ. ಬೊಂಬಾಯಿಯ ಹೋಟೆಲಿಗೆ ಹೋದ ಅಣ್ಣನಿಂದ ಕಾಗದವೇ ಬಾರದಿದ್ದಾಗ ಹೊತ್ತದ್ದೆಂದು ಮಾವ ಹೇಳುತ್ತಾರೆ. ಚಿಕ್ಕಮ್ಮ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ತನಗೆ ಕೂಡಿಬಂದಿದ್ದ ಒಂದು ಸಂಬಂಧ ಮುರಿದುಹೋಗಲಿ ಎಂದು ಅಮ್ಮ ಹರಕೆ ಹೊತ್ತಿದ್ದರೆನ್ನುತ್ತಾರೆ. ಪ್ರತಿಯೊಬ್ಬರೂ ಆ ಹರಕೆಯನ್ನು ತಮ್ಮ ಬದುಕಿನ ದೊಡ್ಡ ಸಂಗತಿಗೆ ಕಟ್ಟಿಕೊಂಡಿದ್ದಾರೆ. ಅಜ್ಜಿಯ ಮನಸ್ಸಿನಲ್ಲಿ ಇದ್ದದ್ದೇನು ಎಂಬುದನ್ನು ಕತೆ ತೀರ್ಮಾನಿಸಬೇಕಾಗಿಲ್ಲ. ಆಟದ ದಿನ ಈ ಮೂವರೂ ಒಂದೇ ಚಪ್ಪರದಡಿಯಲ್ಲಿ, ಮೂರು ಬೇರೆ ಹರಕೆಗಳು ತೀರಿದವೆಂದು ಕೈಮುಗಿದರೆ ಸಾಕು.

ಇನ್ನೊಂದು ಬಗೆಯ ಪಾಠವನ್ನೂ ಬಿಡಬಾರದು. ಮನೆಯಲ್ಲಿ ತೊಂದರೆ ತಲೆದೋರಿದಾಗ ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸುವ, ದೊಡ್ಡ ಕುಟುಂಬವಾದರೆ ಅಷ್ಟಮಂಗಲ ಪ್ರಶ್ನೆಯನ್ನೇ ನಡೆಸುವ ಕ್ರಮ ನಮ್ಮಲ್ಲಿದೆ. ಹಳೆಯ ನಾಗಬನ ಎಲ್ಲಿತ್ತು, ಯಾವ ತಲೆಮಾರಿನಲ್ಲಿ ಯಾವ ಹೆಣ್ಣು ಕಣ್ಣೀರು ಹಾಕಿ ಹೊರಟುಹೋದಳು, ಮದುವೆಯಾಗದೆ ಸತ್ತ ಯಾರ ಕುಲೆಗೆ (ಪ್ರೇತಕ್ಕೆ) ಇನ್ನೂ ಬಡಿಸಿಲ್ಲ ಎಂಬಂಥ ಸಂಗತಿಗಳು ಅಲ್ಲಿ ಕಂಡುಬರುತ್ತವೆ. ಆಮೇಲೆ ಮನೆಯವರ ಬಾಯಲ್ಲಿ ಅದೇ ಮನೆತನದ ಚರಿತ್ರೆಯಾಗಿ ಉಳಿಯುತ್ತದೆ. ಇದನ್ನು ನಂಬುವುದೂ ಬೇಡ, ಗೇಲಿ ಮಾಡುವುದೂ ಬೇಡ. ನಾಲ್ಕನೆಯ ಪಾಠವೆಂದು ಬರೆದಿಟ್ಟುಕೊಂಡು, ಆ ಮಾತು ಬಂದಾಗ ಕೋಣೆಯಲ್ಲಿದ್ದ ಯಾರು ತಲೆ ತಗ್ಗಿಸಿದರೆಂಬುದನ್ನು ವಿಚಾರಿಸಿ.

ಎರಡನೆಯ ಕೆಲಸ: ಕಾಗದಪತ್ರ

ಅಳಿಯಸಂತಾನದ ಮನೆಗಳಲ್ಲಿ ಹಳೆಯ ಪಾಲುಪಟ್ಟಿಯೊಂದು ಸಿಕ್ಕಿದರೆ ಅದನ್ನು ಸಾವಕಾಶವಾಗಿ ಓದಬೇಕು. 1949ರ ಮದರಾಸು ಅಳಿಯಸಂತಾನ ಕಾಯಿದೆ ಕವರುಗಳಿಗೆ, ಅಂದರೆ ಕುಟುಂಬದೊಳಗಿನ ತಾಯಿಯ ಕಡೆಯ ಕವಲುಗಳಿಗೆ, ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ಅಲ್ಲಿಯವರೆಗೆ ಕೂಡಿದ್ದ ಕುಟುಂಬಗಳು ಆ ಮೇಲೆ ಒಂದೊಂದಾಗಿ ಒಡೆದವು. ಪಟ್ಟಿಯಲ್ಲಿ ಗದ್ದೆ, ಬಾಗಾಯ್ತು, ಕುಮ್ಕಿಗಳ ವಿವರವಾದ ಮೇಲೆ, ದೈವದ ನೇಮ ತಂಬಿಲಗಳ (ತಂಬಿಲವೆಂದರೆ ಮನೆಯವರು ದೈವಕ್ಕೆ ಸಲ್ಲಿಸುವ ಸೇವೆ) ಖರ್ಚನ್ನು ಯಾರು ವಹಿಸಬೇಕೆಂಬ ಒಂದು ಕಲಂ ಇರುವುದುಂಟು. ಆಸ್ತಿ ಹೆಣ್ಣಿನ ಸಂತಾನದಲ್ಲಿ ಇಳಿದರೂ ಬೀಗದ ಕೈ ಸೋದರಮಾವನ ಸೊಂಟದಲ್ಲಿದ್ದ ವ್ಯವಸ್ಥೆ ಅದು. ಅದರಲ್ಲಿ ಯಾವ ತಂಗಿಯ ಪಾಲಿಗೆ ಗದ್ದೆ ಬಂತು, ಯಾವ ತಂಗಿಯ ಪಾಲಿಗೆ ದೈವದ ಕೋಣೆ ಬಂತು ಎಂಬಷ್ಟರಿಂದಲೇ ಒಂದು ಕತೆ ಹುಟ್ಟಬಹುದು.

ಭೂಸುಧಾರಣೆಯ ಕಡತ ಇದಕ್ಕಿಂತ ಮುಖ್ಯ. ತಿದ್ದುಪಡಿಯಾದ ಕಾಯಿದೆಯ ಪ್ರಕಾರ 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರಕಾರದಲ್ಲಿ ನಿಹಿತವಾಯಿತು; ಒಕ್ಕಲುಗಳು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂನ್ಯಾಯಮಂಡಳಿಯ ಮುಂದೆ ಹೋದರು. ನಮ್ಮ ಜಿಲ್ಲೆಯಷ್ಟು ಗಾಢವಾಗಿ ಇದರ ಅನುಭವವಾದ ಜಾಗಗಳು ರಾಜ್ಯದಲ್ಲಿ ಕಡಿಮೆ. ನಿಮ್ಮದು ಧಣಿಯ ಮನೆಯಾಗಿದ್ದರೆ ಅದು ಕೈಬಿಟ್ಟುಹೋದ ಗದ್ದೆಯ ಕತೆ, ಒಕ್ಕಲಿನ ಮನೆಯಾಗಿದ್ದರೆ ಕೈಗೆ ಬಂದ ಗದ್ದೆಯ ಕತೆ. ಗದ್ದೆ ಮಾತ್ರ ಒಂದೇ. ಎಷ್ಟೋ ಕಡೆ ದೈವಸ್ಥಾನ ಧಣಿಯ ಅಂಗಳದಲ್ಲೇ ಉಳಿಯಿತು, ಅದರ ವಾರ್ಷಿಕ ನೇಮಕ್ಕೆ ಅಕ್ಕಿ ಒದಗಿಸುತ್ತಿದ್ದ ಗದ್ದೆ ಒಕ್ಕಲಿನ ಹೆಸರಿಗಾಯಿತು. ಆಮೇಲೆ ನೇಮ ನಡೆಸಬೇಕಾದವರು ಯಾರು? ಧಣಿಗೆ ಶಕ್ತಿಯಿಲ್ಲ, ಒಕ್ಕಲಿಗೆ ಗಡಿ ಹಿಡಿದವರ, ಅಂದರೆ ದೈವದ ಮುಂದೆ ಮನೆತನದ ಯಜಮಾನಿಕೆ ಪಡೆದವರ, ಮುಂದೆ ನಿಲ್ಲುವ ಸ್ಥಾನವಿಲ್ಲ. ಈ ತೊಡಕನ್ನು ಕಾನೂನಿನ ಭಾಷೆಯಲ್ಲಿ ವಿವರಿಸದೆ, ಆ ವರ್ಷ ನೇಮದ ಅಕ್ಕಿ ಯಾರ ಮನೆಯಿಂದ ಬಂತು, ಆ ಮನೆಯ ಹೆಂಗಸು ಅದನ್ನು ಯಾವ ಬಾಗಿಲಿಗೆ ತಂದಿಟ್ಟಳು ಎಂಬುದನ್ನು ಬರೆದರೆ ಓದುವವರಿಗೆ ಎಲ್ಲವೂ ತಿಳಿಯುತ್ತದೆ.

ಕ್ರೈಸ್ತ ಮನೆಗಳವರಿಗೆ ಇಗರ್ಜಿಯ ಜ್ಞಾನಸ್ನಾನ, ಮದುವೆ, ಮರಣದ ದಾಖಲೆಗಳಿವೆ. ಬಾಸೆಲ್ ಮಿಶನ್ ಪರಂಪರೆಯ ಕುಟುಂಬಗಳವರಿಗೆ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಪತ್ರಾಗಾರವಿದೆ. ಮಿಶನ್ನಿನ ಹಳೆಯ ಛಾಯಾಚಿತ್ರಗಳನ್ನು ಬಾಸೆಲಿನ ಪತ್ರಾಗಾರದವರು ಅಂತರಜಾಲದಲ್ಲಿ ನೋಡಲು ಇಟ್ಟಿದ್ದಾರೆ. 1834ರಲ್ಲಿ ಮಂಗಳೂರಿಗೆ ಬಂದ ಮಿಶನ್ ನೇಯ್ಗೆಯನ್ನೂ, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆದದ್ದಕ್ಕೆ ಒಂದು ಮುಖ್ಯ ಕಾರಣ, ಮತ ಬದಲಿಸಿದವರಿಗೆ ಹಳೆಯ ಕಸುಬೂ ಒಕ್ಕಲುತನವೂ ಕೈತಪ್ಪಿ ಹೊಟ್ಟೆಪಾಡಿನ ಪ್ರಶ್ನೆ ಎದ್ದದ್ದು. ಇಂಥ ಮನೆಯ ಲೇಖಕಿ ಮತಾಂತರದ ದೃಶ್ಯವನ್ನೇ ಬರೆಯಲು ಹೊರಟರೆ ಅದು ನಾಟಕವಾಗುವ ಅಪಾಯವಿದೆ. ಎರಡು ತಲೆಮಾರು ಕಳೆದ ಮೇಲೆ, ನೆರೆಮನೆಯಲ್ಲಿ ದಾಯಾದಿಗಳ ತಂಬಿಲ ನಡೆಯುವ ಸಂಜೆ, ಕಾರ್ಖಾನೆಯ ಪಾಳಿ ಮುಗಿಸಿ ಬಂದ ಅಜ್ಜಿ ಬಾಗಿಲು ಹಾಕಿಕೊಂಡರೋ, ಜಗಲಿಯಲ್ಲಿ ಕೂತು ದುಡಿಯ ಸದ್ದು ಮುಗಿಯುವವರೆಗೆ ಕೇಳಿದರೋ ಎಂಬ ಪ್ರಶ್ನೆ ಸಣ್ಣಕತೆಯ ಅಳತೆಗೆ ಸರಿಯಾಗಿ ಕೂರುತ್ತದೆ.

ಕೊಂಕಣಿ ಕೆಥೊಲಿಕ್ ಮನೆಗಳಲ್ಲಿ 1784ರ ಸೆರೆಯ ನೆನಪು ಇಂದಿಗೂ ಇದೆ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟವರಲ್ಲಿ ಬದುಕಿ ಉಳಿದವರು 1799ರ ಬಳಿಕ ಮರಳಿದರು. ಇಷ್ಟು ದೊಡ್ಡ ಸಂಗತಿಯನ್ನು ಸಣ್ಣಕತೆಯೊಳಗೆ ನೇರವಾಗಿ ತಂದರೆ ಅದು ಪಾತ್ರಗಳನ್ನೆಲ್ಲ ನುಂಗಿಹಾಕುತ್ತದೆ. ಆ ಸೆರೆಯ ಮಾತನ್ನು ಮನೆಯಲ್ಲಿ ಯಾರು, ಯಾವ ಸಂದರ್ಭದಲ್ಲಿ ತೆಗೆಯುತ್ತಿದ್ದರು ಎಂಬುದನ್ನು ಬರೆಯಿರಿ: ಸೊಸೆ ಅನ್ನ ಚೆಲ್ಲಿದಾಗಲೋ, ಮೊಮ್ಮಗಳು ಬೇರೆ ಧರ್ಮದ ಹುಡುಗನ ಹೆಸರೆತ್ತಿದಾಗಲೋ. ಸಾಮಾನ್ಯವಾಗಿ ಒಂದು ನಿಯಮವನ್ನು ಪಾಲಿಸಬಹುದು. ಮನೆಯೊಳಗೆ ಒಬ್ಬರು ಇನ್ನೊಬ್ಬರ ಮೇಲೆ ಚರಿತ್ರೆಯನ್ನು ಪ್ರಯೋಗಿಸುವ ಕ್ಷಣದಲ್ಲಿ ಮಾತ್ರ ಅದು ಕತೆಯೊಳಗೆ ಬರಲಿ. ಉಳಿದದ್ದು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿರಲಿ.

ನಂಬಿಕೆಯನ್ನು ಕೆಲಸವಾಗಿ ಬರೆಯುವುದು

ಧರ್ಮವು ಮನೆಯ ಹೆಂಗಸರಿಗೆ ಮೊದಲು ತಲುಪುವುದು ಕೆಲಸದ ರೂಪದಲ್ಲಿ. ಉಡುಪಿಯ ವೈದಿಕ ಮನೆಯಲ್ಲಿ ಅದು ಮಡಿ ಒಣಹಾಕುವುದು, ಮುಸುರೆ ಬಳಿಯುವುದು, ಏಕಾದಶಿಯಂದು ತಾನು ಉಪವಾಸವಿದ್ದು ಮಕ್ಕಳಿಗೆ ಫಲಾಹಾರ ಮಾಡಿಕೊಡುವುದು. ಕೆಥೊಲಿಕ್ ಮನೆಯಲ್ಲಿ ಸಂಜೆ ತೇರ್ಸಿಗೆ (ಜಪಮಾಲೆಯ ಪ್ರಾರ್ಥನೆಗೆ) ಮಕ್ಕಳನ್ನು ಸೇರಿಸುವುದು, ಕನ್ಯಾಮರಿಯಮ್ಮನ ಜನ್ಮದಿನವಾದ ಮೊಂತಿ ಹಬ್ಬದ ದಿನ ಹೊಸ ತೆನೆಯೊಂದಿಗೆ ಊಟಕ್ಕೆ ತರಕಾರಿಗಳನ್ನು ಹೊಂದಿಸುವುದು. ಬ್ಯಾರಿ ಮನೆಯಲ್ಲಿ ರಂಜಾನಿನ ಮೂರನೇ ಜಾವಕ್ಕೆ ಎಲ್ಲರಿಗಿಂತ ಮೊದಲು ಏಳುವುದು. ಗಂಡ ತೀರಿಕೊಂಡವಳು ಇದ್ದತ್‌ನಲ್ಲಿ ಕೂರಬೇಕಾದ ನಾಲ್ಕು ತಿಂಗಳು ಹತ್ತು ದಿನ ಕತೆಗಾರ್ತಿಗೆ ಸಿದ್ಧವಾಗಿ ಸಿಗುವ ಕಾಲಾವಧಿ. ಆ ಅವಧಿಯಲ್ಲಿ ಮನೆಯ ಲೆಕ್ಕಾಚಾರ ಯಾರ ಕೈಗೆ ಹೋಯಿತು ಎಂಬುದು ಅದರೊಳಗಿನ ಕತೆ.

ಸಾರಾ ಅಬೂಬಕ್ಕರ್ ಅವರು (1936–2023) ಈ ವಿಷಯದಲ್ಲಿ ನಮಗೆಲ್ಲ ದಾರಿ ತೋರಿದವರು. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲೆಸಿದ ಅವರ ಮೊದಲ ಕಾದಂಬರಿ ‘ಚಂದ್ರಗಿರಿಯ ತೀರದಲ್ಲಿ’ ನಿಂತಿರುವುದು ಒಂದು ವಿಧಿಯ ಮೇಲೆ: ತಲಾಖ್ ಆದ ಹೆಣ್ಣು ಮೊದಲಿನ ಗಂಡನನ್ನು ಮತ್ತೆ ಮದುವೆಯಾಗಬೇಕಾದರೆ ನಡುವೆ ಇನ್ನೊಬ್ಬನ ಮಡದಿಯಾಗಬೇಕು. ಆ ಕಟ್ಟಳೆ ಸರಿಯೋ ತಪ್ಪೋ ಎಂಬ ವಾದಕ್ಕಿಂತ, ಒಂದು ದೇಹ ಅದನ್ನು ನಡೆಸಿಕೊಡಬೇಕಾಗಿ ಬರುವ ರಾತ್ರಿಯ ಭಾರವೇ ಓದುಗರನ್ನು ಅಲುಗಾಡಿಸುತ್ತದೆ. ಕಾದಂಬರಿಯಿಂದ ಸಣ್ಣಕತೆಗೆ ಕಲಿಯಬೇಕಾದ ಪಾಠವಿದ್ದರೆ ಅದು ಇದೇ ಎಂದು ನನ್ನ ಅಭಿಪ್ರಾಯ.

ಹೇಗೆ ಬರೆಯಬೇಕೆಂಬುದನ್ನು ಮೇಲಿನ ಹರಕೆಯಾಟದ ಉದಾಹರಣೆಯಿಂದಲೇ ತೋರಿಸುತ್ತೇನೆ. ಹರಕೆ ಹೊತ್ತ ಅಜ್ಜಿ ಸರದಿ ಬರುವ ಕಾಲಕ್ಕೆ ಇನ್ನೂ ಬದುಕಿದ್ದಾರೆ ಎಂದಿಟ್ಟುಕೊಳ್ಳಿ. ಮೊದಲ ಕರಡಿನಲ್ಲಿ ಸಾಮಾನ್ಯವಾಗಿ ಬರುವ ವಾಕ್ಯಗಳು ಹೀಗಿರುತ್ತವೆ: “ಅಜ್ಜಿಗೆ ಕಟೀಲಿನ ದೇವಿಯಲ್ಲಿ ಅಪಾರ ಭಕ್ತಿಯಿತ್ತು. ಕಷ್ಟಕಾಲದಲ್ಲಿ ಅವರು ಆಟದ ಹರಕೆ ಹೊತ್ತಿದ್ದರು. ಅವರ ನಂಬಿಕೆ ಹುಸಿಯಾಗಲಿಲ್ಲ.” ಇದರಲ್ಲಿ ತಪ್ಪಿಲ್ಲ, ಆದರೆ ಯಾವ ಅಜ್ಜಿಗೂ ಸಲ್ಲುವ ಮಾತು. ಅದನ್ನೇ ಹೀಗೆ ಬರೆದು ನೋಡಿ:

“ಆಮಂತ್ರಣದ ಪ್ರೂಫನ್ನು ಮಾವ ಜಗಲಿಯ ಮೇಜಿನ ಮೇಲಿಟ್ಟರು. ಅಜ್ಜಿ ಕನ್ನಡಕ ಹುಡುಕಲಿಲ್ಲ. ‘ಸೇವಾಕರ್ತರು ಅಂತ ಯಾರ ಹೆಸರು ಹಾಕಿದ್ದೀ?’ ಎಂದು ಕೇಳಿದರು. ಮಾವ ತನ್ನ ಹೆಸರನ್ನೂ ಅತ್ತೆಯ ಹೆಸರನ್ನೂ ಓದಿ, ಕೊನೆಗೆ ‘ಮತ್ತು ಮನೆಯವರು’ ಎಂದು ಸೇರಿಸಿದರು. ಅಜ್ಜಿ ಮಡಿಲಲ್ಲಿದ್ದ ಅಡಿಕೆಯನ್ನು ಅಡಕತ್ತರಿಗೆ ಕೊಟ್ಟು, ಎರಡು ಹೋಳು ಮಾಡಿ, ಒಂದನ್ನು ಬಾಯಿಗೆ ಹಾಕಿಕೊಂಡರು. ‘ಊಟಕ್ಕೆ ಎಷ್ಟು ಜನಕ್ಕೆ ಹೇಳಿದ್ದೀ? ಚೌಕಿಯವರಿಗೆ ಬೇರೆ ಲೆಕ್ಕ ಉಂಟಲ್ಲ.’”

ಇಲ್ಲಿ ಭಕ್ತಿಯೆಂಬ ಪದವೇ ಇಲ್ಲ. ಹರಕೆ ಯಾರದು, ಹೆಸರು ಯಾರದು ಎಂಬ ಕುಟುಂಬದ ಚರಿತ್ರೆ ಅಚ್ಚಾದ ಒಂದು ಸಾಲಿನಲ್ಲಿದೆ. ನಂಬಿಕೆ ಊಟದ ಲೆಕ್ಕದಲ್ಲಿದೆ (ಚೌಕಿಯವರೆಂದರೆ ಮೇಳದ ಕಲಾವಿದರು). ಆಟದ ರಾತ್ರಿಯನ್ನು ಬರೆಯುವಾಗಲೂ ಇದೇ ಕಣ್ಣು ಬೇಕು. ಪ್ರಸಂಗ ದೇವಿ ಮಹಾತ್ಮೆಯಾಗಿದ್ದರೆ ದೀವಟಿಗೆಗಳ ನಡುವೆ, ಸಭೆಯನ್ನು ಸೀಳಿಕೊಂಡು ಮಹಿಷಾಸುರ ಬರುವುದನ್ನು ವರ್ಣಿಸುವ ಆಸೆ ಎಲ್ಲರಿಗೂ ಆಗುತ್ತದೆ. ಅದನ್ನು ಒಂದು ವಾಕ್ಯಕ್ಕೆ ನಿಲ್ಲಿಸಿ. ಆ ಹೊತ್ತಿನಲ್ಲಿ ಅಜ್ಜಿ ಮುಂದಿನ ಸಾಲಿನ ಕುರ್ಚಿಯಲ್ಲಿದ್ದರೋ, ಚಪ್ಪರದ ಹಿಂದೆ ಹಂಡೆಗಳ ಬಳಿ ಇದ್ದರೋ ಎಂಬುದು ಹೆಚ್ಚು ಮುಖ್ಯ.

ದೈವದ ನೇಮವನ್ನು ಬರೆಯುವವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ನೇಮದಲ್ಲಿ ದೈವ ಮನೆತನವನ್ನು ಹೆಸರು ಹಿಡಿದು ಕರೆಯುತ್ತದೆ, ಹಿಂದಿನವರು ನಡೆದುಕೊಂಡ ರೀತಿಯನ್ನು ನೆನಪಿಸುತ್ತದೆ, ನುಡಿ ಕೊಡುತ್ತದೆ. ಹೀಗೆ ಮನೆಯ ಚರಿತ್ರೆಯನ್ನು ಮನೆಯವರಿಗೇ ಹೇಳುವ ಆ ಬಾಯಿ ದೈವ ಕಟ್ಟುವ ಪಂಬದ, ಪರವ, ನಲಿಕೆ ಸಮುದಾಯದವನದು; ಗುತ್ತಿನ ಮನೆಯವರು ಅವನ ಮುಂದೆ ತಲೆಬಾಗುವುದು ಬೆನ್ನಿಗೆ ಅಣಿಯ ಅಲಂಕಾರ ಕಟ್ಟಿದಷ್ಟು ಹೊತ್ತು. ಬೆಳಗ್ಗೆ ಬಣ್ಣ ತೊಳೆದ ಮೇಲೆ ಅವನಿಗೆ ಊಟ ಎಲ್ಲಿ ಬಡಿಸಲಾಯಿತು ಎಂಬುದನ್ನು ಬಿಟ್ಟು ನೇಮದ ವೈಭವವನ್ನಷ್ಟೇ ಬರೆದ ಕತೆಗಳು ನಮ್ಮಲ್ಲಿ ಬೇಕಾದಷ್ಟಿವೆ, ಇನ್ನೊಂದರ ಅಗತ್ಯವಿಲ್ಲ.

ಭಾಷೆ, ಅಳತೆ, ತಿದ್ದುವಿಕೆ

ಮನೆಮಾತು ತುಳು, ಕೊಂಕಣಿ, ಬ್ಯಾರಿ, ಬರೆಯುವುದು ಕನ್ನಡ. ಸಂಭಾಷಣೆಯಲ್ಲಿ ತುಳು ವಾಕ್ಯಗಳನ್ನು ತುರುಕಿ ಪಕ್ಕದಲ್ಲಿ ಅರ್ಥ ಕೊಡುವುದಕ್ಕಿಂತ, ಆ ಮಾತಿನ ಲಯವುಳ್ಳ ನಮ್ಮ ಕರಾವಳಿ ಕನ್ನಡವನ್ನು ಬಳಸುವುದು ಮೇಲು. ಆಚರಣೆಯ ಹೆಸರುಗಳು ಮಾತ್ರ ಹಾಗೆಯೇ ಇರಲಿ, ಸಂದರ್ಭವೇ ಅವನ್ನು ತಿಳಿಸುತ್ತದೆ. ತುಳು ಪದದ ಬಗ್ಗೆ ಅನುಮಾನವಿದ್ದರೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಬಂದ ಆರು ಸಂಪುಟಗಳ ತುಳು ನಿಘಂಟನ್ನು ನೋಡಿ.

ಎರಡೂವರೆ ಸಾವಿರ ಪದಗಳ ಕತೆಗೆ ಒಂದು ಹರಕೆ, ಒಂದು ದಿನ, ಹೆಚ್ಚೆಂದರೆ ಐದು ಜನ ಸಾಕು. ಕರಡು ಮುಗಿದ ಮೇಲೆ ಮೊದಲ ಪುಟವನ್ನು ತೆಗೆದು ಓದಿ. ಹತ್ತರಲ್ಲಿ ಎಂಟು ಕತೆಗಳು ಎರಡನೆಯ ಪುಟದಲ್ಲಿ ಆರಂಭವಾಗುತ್ತವೆ. ಆಮೇಲೆ ಆಚರಣೆಯ ಕ್ರಮ ಬಲ್ಲವರೊಬ್ಬರಿಗೆ ಅದನ್ನು ಓದಿಸಬೇಕು. ಕತೆ ಚೆನ್ನಾಗಿದೆಯೋ ಎಂದು ಅವರನ್ನು ಕೇಳಬೇಡಿ. ತಂಬಿಲಕ್ಕೆ ಮೊದಲು ಏನಿಡುತ್ತಾರೆ, ಶವಕ್ಕೆ ಕಫನ್ ಹೊದಿಸುವಾಗ ಯಾರು ಕೋಣೆಯಲ್ಲಿರುತ್ತಾರೆ ಎಂಬಷ್ಟನ್ನೇ ಕೇಳಿ. ನೆರೆಯ ಧರ್ಮದವರ ಮನೆಯ ಬಗ್ಗೆ ಬರೆದಿದ್ದರೆ ಈ ಓದು ಇನ್ನೂ ಅಗತ್ಯ. ನೀವು ಅವರ ಹೊಸ್ತಿಲವರೆಗೆ ಮಾತ್ರ ಹೋದವರಾಗಿದ್ದರೆ ಕತೆಯೂ ಹೊಸ್ತಿಲಲ್ಲೇ ನಿಂತು ನೋಡಲಿ.

ಬದುಕಿರುವವರ ವಿಷಯದಲ್ಲಿ ಎಚ್ಚರ ಬೇಕು. ಊರಿನ ಹೆಸರು, ಮನೆಯ ಹೆಸರು, ಅಣ್ಣತಮ್ಮಂದಿರ ಸಂಖ್ಯೆ, ಕಸುಬು, ಇವನ್ನೆಲ್ಲ ಬದಲಿಸಿ. ಋತುವನ್ನೂ ಹರಕೆಯ ಕಾರಣವನ್ನೂ ಬದಲಿಸಬೇಡಿ, ಕತೆಯ ಬೇರು ಅಲ್ಲಿದೆ. ಆಟಿ ತಿಂಗಳ ಮಳೆಯಲ್ಲಿ ನಡೆದದ್ದನ್ನು ಸುಗ್ಗಿಗೆ ಒಯ್ದರೆ ಮನೆಯ ಬಡತನವೇ ಬೇರೆಯಾಗಿಬಿಡುತ್ತದೆ. ಕೋರ್ಟಿನಲ್ಲಿರುವ ಪಾಲಿನ ದಾವೆಯನ್ನು ಮುಟ್ಟಬೇಡಿ. ಗುಟ್ಟೆಂದು ಹೇಳಿ ಕೊಟ್ಟ ಸಂಗತಿಯನ್ನು, ಮೇಲಿನ ಉದಾಹರಣೆಯ ಚಿಕ್ಕಮ್ಮನ ಮಾತಿನಂಥದ್ದನ್ನು, ಅವರ ಒಪ್ಪಿಗೆಯಿಲ್ಲದೆ ಬಳಸುವುದು ಸರಿಯಲ್ಲ. ಒಪ್ಪದಿದ್ದರೆ ಉಳಿದ ಎರಡು ಪಾಠಗಳಿಂದಲೇ ಕತೆ ಕಟ್ಟಲು ಬರುತ್ತದೆ.

ಕತೆ ಅಚ್ಚಾದ ವಾರ ನೆಂಟರಿಂದ ಫೋನುಗಳು ಬರುತ್ತವೆ. ನಡೆದದ್ದು ಹಾಗಲ್ಲ ಎಂದು ಸಿಟ್ಟಿನಿಂದ ಹೇಳುವವರೊಡನೆ ವಾದಕ್ಕಿಳಿಯದೆ, ಹಾಗಾದರೆ ಹೇಗೆ ನಡೆಯಿತು ಎಂದು ಕೇಳಿ, ಅವರು ಹೇಳಿದ್ದನ್ನು ಹೊಸ ಪುಟದಲ್ಲಿ ತಾರೀಖು ಹಾಕಿ ಬರೆದುಕೊಳ್ಳಿ.